ಓಮ್ನಿಯ ಹಿಂದಿನ ಬೇರಿಂಗ್: ಸದ್ದು ಹುಡುಕಿ, ಬಿಚ್ಚಿ, ಬದಲಿಸಿದ ಕಥೆ

ನಮ್ಮ ಓಮ್ನಿ 2011ರ ಮಾಡೆಲ್. ಕೊಡಗಿನ ಸುಂಟಿಕೊಪ್ಪದ ಹತ್ತಿರ ಸಣ್ಣ ಕಾಫಿ ತೋಟ ಇರುವುದರಿಂದ ಗಾಡಿಗೆ ವರ್ಷವಿಡೀ ಬಿಡುವಿಲ್ಲ. ಗೊಬ್ಬರದ ಮೂಟೆ, ಕಾಫಿ ಚೀಲ, ರಿಪೇರಿಗೆ ಹೋಗುವ ಪಂಪ್‌ಸೆಟ್ಟು, ಮದುವೆಗೆ ಹೋಗುವ ನೆಂಟರು, ಎಲ್ಲಾ ಇದರಲ್ಲೇ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಹಿಂದಿನಿಂದ ಗುಂಯ್ ಅನ್ನುವ ಸದ್ದು ಶುರುವಾಯಿತು. ವೇಗ 40ರವರೆಗೆ ಇದ್ದರೆ ಏನೂ ಇಲ್ಲ. 45 ದಾಟಿದರೆ ಮೆಲ್ಲಗೆ ಏಳುತ್ತದೆ, 60ಕ್ಕೆ ಹೋದರೆ ಪಕ್ಕದಲ್ಲಿ ಕೂತವರ ಹತ್ತಿರ ಗಂಟಲು ಏರಿಸಿ ಮಾತಾಡಬೇಕು.

ಓಮ್ನಿಯಲ್ಲಿ ಸದ್ದಿನ ಜಾಗ ಹುಡುಕುವುದು ಸುಲಭ ಅಲ್ಲ. ಇಂಜಿನ್ ಮುಂದಿನ ಸೀಟಿನ ಅಡಿಯಲ್ಲೇ ಇದೆ, ಹಿಂದೆ ಪೂರ್ತಿ ಖಾಲಿ ತಗಡಿನ ಮೈ. ನಾವು ಚೀಲ ಹಾಕಲಿಕ್ಕೆ ಅಂತ ಹಿಂದಿನ ಸೀಟು ಬೇರೆ ತೆಗೆದಿಟ್ಟಿದ್ದೇವೆ. ಎಲ್ಲೋ ಹುಟ್ಟಿದ ಸದ್ದು ಇಡೀ ಗಾಡಿಯಲ್ಲಿ ಸುತ್ತು ಹಾಕುತ್ತದೆ. ಮುಂದೆ ಕೂತವರು ಹಿಂದಿನಿಂದ ಬರ್ತಿದೆ ಅನ್ನುತ್ತಾರೆ, ಹಿಂದೆ ಕೂತವರು ನಡುವಿನಿಂದ ಅನ್ನುತ್ತಾರೆ. ಕೇಳಿದವರೆಲ್ಲ ಒಂದೊಂದು ಹೇಳಿದರು. ಒಬ್ಬರು ಟೈರ್ ಅಂದರು, ಇನ್ನೊಬ್ಬರು ಹಿಂದಿನ ಆಕ್ಸಲ್ ಒಳಗಿನ ಹಲ್ಲುಚಕ್ರ, ಅಂದರೆ ಕ್ರೌನ್ ಪಿನಿಯನ್ ಅಂದರು, ಮತ್ತೊಬ್ಬರು ಗೇರ್ ಬಾಕ್ಸ್ ಬಿಚ್ಚದೆ ಗೊತ್ತಾಗಲ್ಲ ಅಂತ ತೀರ್ಪೇ ಕೊಟ್ಟರು. ಈ ಮೂರಕ್ಕೂ ಖರ್ಚು ಮಾಡಿ, ಆಮೇಲೂ ಸದ್ದು ಹಾಗೇ ಇದ್ದ ಗಾಡಿಗಳನ್ನು ನಾನು ನೋಡಿದ್ದೇನೆ. ಹಾಗಾಗಿ ಸದ್ದು ಎಲ್ಲಿಂದ ಅಂತ ಗ್ಯಾರಂಟಿ ಆಗುವ ತನಕ ಒಂದು ನಟ್ಟೂ ಬಿಚ್ಚಬಾರದು ಅಂತ ಮೊದಲೇ ತೀರ್ಮಾನ ಮಾಡಿದೆ.

ಒಳಗೆ ಏನಿದೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥ ಆಗಲ್ಲ. ಓಮ್ನಿ ಹಿಂದಿನ ಚಕ್ರದಿಂದ ಓಡುವ ಗಾಡಿ. ಗೇರ್ ಬಾಕ್ಸಿನಿಂದ ಪ್ರೊಪೆಲ್ಲರ್ ಶಾಫ್ಟ್ ಹಿಂದಕ್ಕೆ ಬಂದು, ಎರಡೂ ಚಕ್ರಕ್ಕೆ ತಿರುಗುವಿಕೆ ಹಂಚುವ ಡಿಫರೆನ್ಷಿಯಲ್‌ಗೆ ಸೇರುತ್ತದೆ. ಅದರ ಎರಡೂ ಕಡೆ ಕೊಳವೆಯ ಹಾಗೆ ಹೋಗಿರುವುದು ಹೌಸಿಂಗ್. ಹೌಸಿಂಗ್ ಒಳಗೆ ಎಡಕ್ಕೊಂದು ಬಲಕ್ಕೊಂದು ಆಕ್ಸಲ್ ಶಾಫ್ಟ್. ಶಾಫ್ಟಿನ ಒಳತುದಿ ಡಿಫರೆನ್ಷಿಯಲ್‌ನ ಗೇರಿನಲ್ಲಿ ಸುಮ್ನೆ ತೂರಿಕೊಂಡಿರುತ್ತದೆ, ಅಲ್ಲಿ ಅದನ್ನು ಹಿಡಿದಿಡುವಂಥದ್ದು ಏನೂ ಇಲ್ಲ. ಹೊರತುದಿಯಲ್ಲಿ ಬ್ರೇಕ್ ಡ್ರಮ್, ಚಕ್ರ. ಈ ಹೊರತುದಿಯ ಹತ್ತಿರ ಒಂದೇ ಒಂದು ಬಾಲ್ ಬೇರಿಂಗ್ ಇದೆ, ಅಂದರೆ ಒಳ ಸುತ್ತು, ಹೊರ ಸುತ್ತು ಅಂತ ಎರಡು ಉಕ್ಕಿನ ಬಳೆ, ನಡುವೆ ಓಡುವ ಗುಂಡುಗಳು. ಆ ಕಡೆಯ ಭಾರ ಪೂರ್ತಿ ಅದರ ಮೇಲೆ. ಅಷ್ಟೇ ಅಲ್ಲ, ಶಾಫ್ಟು ಚಕ್ರದ ಸಮೇತ ಹೊರಗೆ ಜಾರದ ಹಾಗೆ ಹಿಡಿದಿರುವುದೂ ಆ ಬೇರಿಂಗ್ ಮತ್ತು ಅದರ ಬೆನ್ನಿಗೆ ಒತ್ತಿ ಕೂರಿಸಿದ ಒಂದು ಉಕ್ಕಿನ ರಿಂಗು. ಈ ರಿಂಗಿನ ವಿಷಯ ಆಮೇಲೆ ಬರುತ್ತದೆ.

ಮೊದಲು ಟೈರ್. ಒಂದು ಟೈರ್ ಅಂಗಡಿಯಲ್ಲಿ ಗಾಡಿಯನ್ನು ಸರಿಯಾಗಿ ನೋಡದೆಯೇ ಹಿಂದಿನ ಎರಡೂ ಹೋಗಿವೆ, ಹೊಸತು ಹಾಕಿಸಿ ಅಂದರು. ಟೈರ್ ಸದ್ದನ್ನು ಬೇರೆ ಮಾಡಿ ನೋಡಲಿಕ್ಕೆ ಹೊಸ ಟೈರ್ ಬೇಕಾಗಿಲ್ಲ. ಮುಂದಿನ ಚಕ್ರ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿ ಓಡಿಸಿದರೆ ಸಾಕು. ಸದ್ದು ಟೈರಿನದಾಗಿದ್ದರೆ ಅದೂ ಮುಂದಕ್ಕೆ ಬರಬೇಕು, ಇಲ್ಲವೇ ರಾಗ ಆದರೂ ಬದಲಾಗಬೇಕು. ನಮ್ಮದರಲ್ಲಿ ಒಂದಿಷ್ಟೂ ಬದಲಾಗಲಿಲ್ಲ. ಇನ್ನೊಂದು, ಟೈರ್ ಸದ್ದು ರಸ್ತೆ ನೋಡಿ ಬದಲಾಗುತ್ತದೆ. ಒರಟು ಜಲ್ಲಿ ಎದ್ದ ಟಾರಿನಲ್ಲಿ ಒಂದು ಥರ, ಹೊಸ ಟಾರಿನಲ್ಲಿ ಇನ್ನೊಂದು ಥರ, ಕಾಂಕ್ರೀಟ್ ರಸ್ತೆಗೆ ಹತ್ತಿದರೆ ಬೇರೆಯೇ. ಇದು ಯಾವ ರಸ್ತೆಯಲ್ಲೂ ಒಂದೇ ಶ್ರುತಿ. ವೇಗ ಮಾತ್ರ ಅದಕ್ಕೆ ಲೆಕ್ಕ.

ಆಮೇಲೆ ಡಿಫರೆನ್ಷಿಯಲ್. ಕ್ರೌನ್ ಮತ್ತು ಪಿನಿಯನ್ ಹಲ್ಲು ಸವೆದಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಒಂದು ಸದ್ದು, ಕಾಲು ತೆಗೆದಾಗ ಇನ್ನೊಂದು ಸದ್ದು ಬರುತ್ತದೆ, ಯಾಕೆಂದರೆ ಒತ್ತಿದಾಗ ಹಲ್ಲಿನ ಒಂದು ಮುಖಕ್ಕೆ ಭಾರ, ಬಿಟ್ಟಾಗ ಮತ್ತೊಂದು ಮುಖಕ್ಕೆ. ಇದನ್ನು ನೋಡಲಿಕ್ಕೆ ಒಂದಷ್ಟು ದೂರ ನೇರ ರಸ್ತೆ ಬೇಕು. ಕೊಡಗಿನಲ್ಲಿ ಅದೇ ಸಿಗದ ವಸ್ತು! ಸುಂಟಿಕೊಪ್ಪದಿಂದ ಕುಶಾಲನಗರಕ್ಕೆ ಇಳಿಯುವಾಗ ಆನೆಕಾಡಿನ ಹತ್ತಿರ ರಸ್ತೆ ಸ್ವಲ್ಪ ನೇರ ಆಗುತ್ತದೆ, ಆದರೆ ಅಲ್ಲಿ ಕಣ್ಣೆಲ್ಲ ಪಕ್ಕದ ಕಾಡಿನ ಮೇಲೆ ಇರಬೇಕು. ಕುಶಾಲನಗರ ದಾಟಿ ಬೈಲಕುಪ್ಪೆ ಕಡೆ ಹೋದ ಮೇಲೆ ನೆಮ್ಮದಿಯಾಗಿ ನೋಡಬಹುದು. ಹಿಂದೆ ಯಾರೂ ಬರದಿದ್ದಾಗ 60ಕ್ಕೆ ಹೋಗಿ ಕಾಲು ತೆಗೆದೆ. ಸದ್ದು ಹಾಗೇ ಇದೆ. ಮತ್ತೆ ಒತ್ತಿದೆ. ಹಾಗೇ ಇದೆ. ಸಮತಟ್ಟು ಜಾಗದಲ್ಲಿ ಕ್ಲಚ್ ಹಿಡಿದು ನ್ಯೂಟ್ರಲ್‌ಗೆ ತಂದೆ. ಇಂಜಿನ್ ಸದ್ದು ಇಳಿಯಿತು, ಗುಂಯ್ ಇಳಿಯಲಿಲ್ಲ. ಗಾಡಿಯ ವೇಗ ಕಡಿಮೆಯಾದಂತೆ ನಿಧಾನಕ್ಕೆ ಅದೂ ಇಳಿಯಿತು. ಅಲ್ಲಿಗೆ ಇಂಜಿನ್, ಕ್ಲಚ್ ಪಟ್ಟಿಯಿಂದ ಹೊರಗೆ. ಗೇರ್ ಬಾಕ್ಸ್, ಕ್ರೌನ್ ಪಿನಿಯನ್ ಮೇಲಿನ ಅನುಮಾನವೂ ಬಹಳ ಕಡಿಮೆ ಆಯಿತು. (ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಈ ಪರೀಕ್ಷೆ ಮಾಡಬೇಡಿ. ಸಂಪಾಜೆ ಘಾಟಿಯಲ್ಲಿ ಬ್ರೇಕ್ ಕಾಯಿಸಿಕೊಂಡು ಪಕ್ಕದಲ್ಲಿ ನಿಂತ ಗಾಡಿಗಳನ್ನು ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ.)

ನೇರ ರಸ್ತೆ ಇಲ್ಲದಿರುವುದರಿಂದ ಒಂದು ಲಾಭವೂ ಇದೆ. ಗಾಡಿ ತಿರುವಿನಲ್ಲಿ ಹೋಗುವಾಗ ಭಾರ ಹೊರಗಡೆಯ ಚಕ್ರಕ್ಕೆ ವಾಲುತ್ತದೆ. ಬಲಕ್ಕೆ ತಿರುಗಿದರೆ ಎಡ ಚಕ್ರಕ್ಕೆ ಭಾರ ಜಾಸ್ತಿ, ಎಡಕ್ಕೆ ತಿರುಗಿದರೆ ಬಲ ಚಕ್ರಕ್ಕೆ. ಬಯಲುಸೀಮೆಯಲ್ಲಿ ಇದನ್ನು ನೋಡಲಿಕ್ಕೆ ಖಾಲಿ ರಸ್ತೆಯಲ್ಲಿ ಸ್ಟೀರಿಂಗ್ ಆಚೀಚೆ ಎಳೆಯಬೇಕು. ನಮಗೆ ಬಲ ತಿರುವು, ಎಡ ತಿರುವು, ಮತ್ತೆ ಬಲ ಅಂತ ಸಾಲಾಗಿ ಸಿಗುತ್ತವೆ. ಕೆದಕಲ್ ದಾಟಿ ಬೋಯಿಕೇರಿ ಕಡೆ ಹತ್ತುವಾಗ ಒಂದೇ ವೇಗ ಹಿಡಿದು, ಕಿಟಕಿ ಏರಿಸಿ, ರೇಡಿಯೋ ಆಫ್ ಮಾಡಿ ಸುಮ್ನೆ ಕೇಳುತ್ತಾ ಹೋದೆ. ಪ್ರತಿ ಬಲ ತಿರುವಿಗೂ ಗುಂಯ್ ದಪ್ಪ ಆಗುತ್ತದೆ, ನಡುವೆ ಗರಗರ ಅಂತ ಒಂದು ಒರಟು ದನಿ ಸೇರಿಕೊಳ್ಳುತ್ತದೆ. ಎಡ ತಿರುವಿಗೆ ಬಂದ ಕೂಡಲೇ ಯಾರೋ ವಾಲ್ಯೂಮ್ ಕಡಿಮೆ ಮಾಡಿದಂತೆ ಇಳಿಯುತ್ತದೆ. ಭಾವ ಹಿಂದೆ ಚೀಲದ ಮೇಲೆ ಕೂತು ಬಂದರು, ಅವರಿಗೂ ಹಾಗೇ ಕೇಳಿತು. ಅಂದರೆ ಎಡಗಡೆಯ ಬೇರಿಂಗ್.

ಆದರೂ ಇದು ಕಿವಿಯ ಲೆಕ್ಕ. ಕೈಯ ಲೆಕ್ಕವೂ ತಾಳೆ ಆಗಬೇಕು. ಸುಂಟಿಕೊಪ್ಪದಲ್ಲಿ ನಮಗೆ ಪರಿಚಯದ ಹಳೇ ಮೆಕ್ಯಾನಿಕ್ ಒಬ್ಬರಿದ್ದಾರೆ, ಊರೆಲ್ಲ ಇಕ್ಕ ಅಂತಲೇ ಕರೆಯುತ್ತದೆ. ಅವರ ಹತ್ತಿರ ಹೋದೆ.

"ಇಕ್ಕಾ, ಎಡಗಡೇದೇ ಅಂತ ಅನ್ನಿಸ್ತಿದೆ" ಅಂದೆ.

"ಅನ್ನಿಸೋದು ಇರಲಿ ಅಣ್ಣಾ, ಮೊದಲು ಎತ್ತಿ ನೋಡುವ" ಅಂದರು.

ಮುಂದಿನ ಚಕ್ರಗಳಿಗೆ ಉರುಳದ ಹಾಗೆ ಎರಡೂ ಕಡೆ ಕಟ್ಟೆ ಕೊಟ್ಟು, ಹಿಂದಿನ ಆಕ್ಸಲ್ ಪೂರ್ತಿ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿದರು. ಚಕ್ರವನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದಾಗ ಎಡದಲ್ಲಿ ಕಟ್ ಕಟ್ ಅನ್ನುವ ಸಣ್ಣ ಆಟ ಸಿಕ್ಕಿತು. ಕಣ್ಣಿಗೆ ಕಾಣುವಷ್ಟಿಲ್ಲ, ಅಂಗೈಗೆ ಗೊತ್ತಾಗುವಷ್ಟು. ಬಲದಲ್ಲಿ ಅದೂ ಇಲ್ಲ. ಆಮೇಲೆ ನ್ಯೂಟ್ರಲ್‌ನಲ್ಲಿ ಇಟ್ಟು ಚಕ್ರ ತಿರುಗಿಸಿ ನೋಡುವುದು. ಇಲ್ಲಿ ಒಂದು ತೊಡಕಿದೆ. ಎಡ ಚಕ್ರ ತಿರುಗಿಸಿದರೆ ಡಿಫರೆನ್ಷಿಯಲ್ ಮೂಲಕ ಬಲ ಚಕ್ರವೋ ಪ್ರೊಪೆಲ್ಲರ್ ಶಾಫ್ಟೋ ಜೊತೆಗೆ ತಿರುಗುತ್ತದೆ, ಎಲ್ಲದರ ಸದ್ದೂ ಒಟ್ಟಿಗೆ ಬರುತ್ತದೆ. ಅದಕ್ಕೇ ಇಕ್ಕ ಕಿವಿ ಕೊಡುವ ಬದಲು ಕೈ ಇಟ್ಟರು. ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯನ್ನು ಆ ಕಡೆಯ ಸ್ಪ್ರಿಂಗ್ ಪ್ಲೇಟಿನ ಮೇಲೆ ಹಗುರವಾಗಿ ಇಡಬೇಕು. ಎಡಗಡೆಯ ಪ್ಲೇಟಿನಲ್ಲಿ ಸಣ್ಣಗೆ ಒಂದು ನಡುಕ, ಒಳಗೆ ಮರಳು ಇರುವ ಹಾಗೆ. ನನ್ನ ಕೈಯನ್ನೂ ಅಲ್ಲಿ ಇಡಿಸಿದರು. ಬಲಗಡೆಯ ಪ್ಲೇಟಿನಲ್ಲಿ ಆ ನಡುಕ ಇಲ್ಲ. ಕೊನೆಗೆ ಉದ್ದದ ಸ್ಕ್ರೂಡ್ರೈವರ್‌ನ ತುದಿಯನ್ನು ಡ್ರಮ್ಮಿನ ಹಿಂದಿರುವ ಬ್ಯಾಕ್ ಪ್ಲೇಟಿಗೆ ಒತ್ತಿ ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಕೇಳಿದರು. ಮುಖದಲ್ಲಿ ಏನೂ ತೋರಿಸದೆ "ಹೋಗಿದೆ" ಅಂದರು, ಅಷ್ಟೇ.

ಇನ್ನೊಂದು ಸಾಕ್ಷಿ ಬ್ರೇಕಿನ ಕಡೆಯಿಂದ ಸಿಕ್ಕಿತು. ಸ್ವಲ್ಪ ಸಮಯದಿಂದ ಹ್ಯಾಂಡ್ ಬ್ರೇಕ್ ಹಿಡಿತ ಕಡಿಮೆಯಾಗಿತ್ತು, ಏರಿನಲ್ಲಿ ನಿಲ್ಲಿಸಿದರೆ ಗೇರಿನಲ್ಲೂ ಹಾಕಿ ಕಲ್ಲೂ ಇಡಬೇಕು. ಎಡಗಡೆ ಬ್ಯಾಕ್ ಪ್ಲೇಟಿನ ಕೆಳಗೆ ಎಣ್ಣೆಯ ಕರಿ ಗೆರೆ ಇತ್ತು. ಬೆರಳಲ್ಲಿ ಒರೆಸಿ ಮೂಸಿದರೆ ಗೇರ್ ಆಯಿಲ್‌ನ ಗಂಧಕದ ವಾಸನೆ. ಬ್ರೇಕ್ ಆಯಿಲ್ ಹೀಗೆ ವಾಸನೆ ಬರಲ್ಲ, ಇಷ್ಟು ದಪ್ಪವೂ ಇರಲ್ಲ. ಬೇರಿಂಗ್‌ಗೆ ಆಟ ಬಂದರೆ ಶಾಫ್ಟು ಕುಣಿಯುತ್ತದೆ, ಕುಣಿದರೆ ಒಳಗಿನ ಆಯಿಲ್ ಸೀಲಿನ ರಬ್ಬರ್ ತುಟಿ ಸವೆಯುತ್ತದೆ, ಡಿಫರೆನ್ಷಿಯಲ್ ಆಯಿಲ್ ಹೌಸಿಂಗ್ ಉದ್ದಕ್ಕೂ ಬಂದು ಡ್ರಮ್ಮಿನೊಳಗೆ ಇಳಿಯುತ್ತದೆ. ಡ್ರಮ್ಮಿಗೆ ಒತ್ತಿ ಹಿಡಿಯುವ ಲೈನರ್ ಎಣ್ಣೆ ಕುಡಿದ ಮೇಲೆ ಬ್ರೇಕ್ ಹಿಡಿಯುವುದಾದರೂ ಹೇಗೆ?

ಎಡಗಡೆಯದೇ ಯಾಕೆ ಹೋಯಿತು ಅನ್ನುವುದಕ್ಕೆ ಇಕ್ಕ ಹೇಳಿದ ಕಾರಣ ನನಗೆ ಸರಿ ಅನ್ನಿಸಿತು. ನಮ್ಮ ಒಳರಸ್ತೆಗಳಲ್ಲಿ ಎದುರಿಗೆ ಬಸ್ಸು ಬಂದರೆ ಎಡ ಚಕ್ರ ಟಾರಿನಿಂದ ಕೆಳಗೆ ಇಳಿಯಲೇಬೇಕು. ಇಳಿಯುವಾಗ ಒಂದು ಹೊಡೆತ, ಹತ್ತುವಾಗ ಒಂದು ಹೊಡೆತ. ಮಳೆಗಾಲದಲ್ಲಿ ಆ ಅಂಚಿನಲ್ಲೇ ನೀರು, ಕೆಸರು. ಗಾಡಿಯಲ್ಲಿ 50 ಕೆಜಿಯ ಕಾಫಿ ಚೀಲಗಳು ಬೇರೆ. ನಾಪೋಕ್ಲು, ಭಾಗಮಂಡಲ ಕಡೆ ಜೋರು ಮಳೆಗೆ ರಸ್ತೆ ಮೇಲೇ ನೀರು ನಿಲ್ಲುವುದು ಎಲ್ಲರಿಗೂ ಗೊತ್ತು. ದೂರ ಓಡಿ ಬಿಸಿಯಾದ ಆಕ್ಸಲ್ ಒಮ್ಮೆಲೇ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ, ಹೊರಗಿನ ನೀರನ್ನು ಸೀಲಿನ ಸಂದಿನಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ನೀರು ಹೊಕ್ಕ ಬೇರಿಂಗ್‌ನಲ್ಲಿ ಗ್ರೀಸ್ ಕೆಲಸ ಮಾಡಲ್ಲ. ಮೊದಲು ತುಕ್ಕಿನ ಚುಕ್ಕೆ, ಆಮೇಲೆ ಚುಕ್ಕೆಯಿಂದ ಗುಂಡಿ.

ಸಾಮಾನಿನ ಪಟ್ಟಿ ಚಿಕ್ಕದು: ಬೇರಿಂಗ್, ರಿಟೇನರ್ ರಿಂಗ್ (ಮೊದಲೇ ಹೇಳಿದ ಉಕ್ಕಿನ ರಿಂಗು), ಆಯಿಲ್ ಸೀಲ್, ಲೈನರ್ ಸೆಟ್, ಗೇರ್ ಆಯಿಲ್, ಬ್ರೇಕ್ ಆಯಿಲ್. ಹಿಂದಿನ ಲೈನರ್ ಒಂದೇ ಕಡೆ ಹಾಕುವಂತಿಲ್ಲ, ಎರಡೂ ಕಡೆ ಹಾಕಬೇಕು, ಇಲ್ಲದಿದ್ದರೆ ಬ್ರೇಕ್ ಒಂದು ಪಕ್ಕಕ್ಕೆ ಎಳೆಯುತ್ತದೆ. ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಮರಳುಕಾಗದ ಉಜ್ಜಿ ಮತ್ತೆ ಹಾಕುವವರಿದ್ದಾರೆ. ಬಿಸಿಯಾದಾಗ ಒಳಗಿಂದ ಎಣ್ಣೆ ಮತ್ತೆ ಬೆವರುತ್ತದೆ, ಆ ಉಳಿತಾಯ ಬೇಡ. ಬೇರಿಂಗ್ ವಿಷಯದಲ್ಲಿ ದೊಡ್ಡ ಕಂಪನಿಗಳ ಹೆಸರಿನ ನಕಲಿ ಮಾಲು ಬಹಳ ಓಡಾಡುತ್ತದೆ. ಡಬ್ಬ ಚೆನ್ನಾಗಿದೆ ಅಂತ ತಗೊಳ್ಳಬೇಡಿ, ಬೇರಿಂಗ್ ಮೇಲಿನ ಅಕ್ಷರ ನೋಡಿ. ನಕಲಿಯಲ್ಲಿ ಅಕ್ಷರ ಮಸುಕು, ಸಾಲು ಸೊಟ್ಟ, ಉಗುರಿಗೆ ಸಿಕ್ಕುವ ಹಾಗೆ ಒರಟು. ನಾನು ಬಿಲ್ ಕೊಡುವ ಅಂಗಡಿಯಿಂದಲೇ ಮೈಸೂರಿನಿಂದ ತರಿಸಿದೆ. ಎಲ್ಲಾ ಕೈಗೆ ಬಂದ ಮೇಲೇ ಬಿಚ್ಚಿದ್ದು. ಬಿಚ್ಚಿಟ್ಟು ಸಾಮಾನಿಗೆ ಕಾಯುವ ಗಾಡಿಯ ಕೆಳಗೆ ಕೋಳಿ ಮೊಟ್ಟೆ ಇಡುತ್ತದೆ ಅಂತ ಭಾವ ತಮಾಷೆ ಮಾಡುತ್ತಾರೆ.

ಕೆಲಸ ಮಾಡಿದ್ದು ನಮ್ಮ ಕಾಫಿ ಕಣದಲ್ಲಿ. ಕೊಯ್ಲು ಶುರುವಾಗುವ ಮೊದಲು ಕಣ ಖಾಲಿ ಇರುತ್ತದೆ, ಸಿಮೆಂಟು ನೆಲ, ಸಮತಟ್ಟು. ಜಾಕಿ ಹೂತುಹೋಗಲ್ಲ, ಬಿದ್ದ ವಾಷರ್ ಹುಲ್ಲಿನಲ್ಲಿ ಕಳೆದುಹೋಗಲ್ಲ. ಇಕ್ಕ ಸಾಮಾನಿನ ಚೀಲ ಹಿಡಿದು ಬೆಳಗ್ಗೆ ಬಂದರು. ಹಿಂದಿನ ಡ್ರಮ್ ಬಿಚ್ಚಿದ ಮೇಲೆ ಹ್ಯಾಂಡ್ ಬ್ರೇಕ್ ಇರುವುದಿಲ್ಲ, ಹಾಗಾಗಿ ಮುಂದಿನ ಚಕ್ರಕ್ಕೆ ಕಟ್ಟೆ ಕೊಡುವುದು ಹೆಸರಿಗೆ ಮಾಡುವ ಕೆಲಸ ಅಲ್ಲ. ಬರೀ ಜಾಕಿ ನಂಬಿ ಅಡಿಗೆ ಹೋಗಲೇಬಾರದು, ಅದರಲ್ಲೂ ಶಾಫ್ಟು ಎಳೆಯುವಾಗ ಗಾಡಿ ಜಗ್ಗುತ್ತದೆ.

ಮೊದಲು ಡಿಫರೆನ್ಷಿಯಲ್ ಆಯಿಲ್ ಇಳಿಸಿದೆವು. ಇಳಿಸುವ ಮುನ್ನ ಮೇಲಿನ ತುಂಬುವ ಬೋಲ್ಟ್ ಬಿಚ್ಚಿ ಬರುತ್ತದಾ ಅಂತ ನೋಡಿಕೊಳ್ಳಿ, ಕೆಳಗಿನದು ಬಿಚ್ಚಿ ಆಯಿಲ್ ಖಾಲಿ ಮಾಡಿದ ಮೇಲೆ ಮೇಲಿನದು ಜಾಮ್ ಅಂತ ಗೊತ್ತಾದರೆ ಗಾಡಿ ಅಲ್ಲೇ ಕೂರುತ್ತದೆ. ಆಯಿಲ್ ಕಪ್ಪಗಿತ್ತು. ನೀರು ಸೇರಿದ್ದರೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿರುತ್ತಿತ್ತು, ಹಾಗಿರಲಿಲ್ಲ. ಅಂದರೆ ನೀರು ಬೇರಿಂಗ್‌ವರೆಗೆ ಬಂದು ನಿಂತಿತ್ತು, ಡಿಫರೆನ್ಷಿಯಲ್‌ಗೆ ಇಳಿದಿರಲಿಲ್ಲ. ಬಿಳಿ ಬಟ್ಟೆಯ ಮೇಲೆ ಸ್ವಲ್ಪ ಹಾಕಿ ನೋಡಿದೆವು, ನುಣ್ಣನೆಯ ಬೂದು ಹೊಳಪು ಮಾತ್ರ, ಚೂರುಗಳಿಲ್ಲ. ಕ್ರೌನ್ ಪಿನಿಯನ್ ಚೆನ್ನಾಗಿದೆ ಅನ್ನುವುದಕ್ಕೆ ಇದೂ ಒಂದು ಸಾಕ್ಷಿ.

ಡ್ರಮ್ ಅಂಟಿಕೊಂಡಿತ್ತು. ಸುತ್ತಿಗೆಯಲ್ಲಿ ಬಡಿಯಬೇಕಾಗಿಲ್ಲ, ಡ್ರಮ್ಮಿನ ಮುಖದಲ್ಲಿ ಮರೆ (ಥ್ರೆಡ್) ಇರುವ ಎರಡು ತೂತುಗಳಿರುತ್ತವೆ, ಕೆಸರು ಕೆರೆದರೆ ಕಾಣುತ್ತವೆ. ಅವಕ್ಕೆ 8 ಎಂಎಂ ಬೋಲ್ಟ್ ಹಾಕಿ ಎರಡನ್ನೂ ಸಮವಾಗಿ ಬಿಗಿಯುತ್ತಾ ಹೋದರೆ ಡ್ರಮ್ ತಾನೇ ಎದ್ದು ಬರುತ್ತದೆ. ಒಳಗೆ ಗೇರ್ ಆಯಿಲ್ ಮತ್ತು ಲೈನರ್ ಪುಡಿ ಕಲಸಿ ಕರಿ ಅಂಟು ಆಗಿತ್ತು. ಆ ಪುಡಿಯನ್ನು ಗಾಳಿ ಹೊಡೆದು ಹಾರಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಲೈನರ್, ಸ್ಪ್ರಿಂಗುಗಳನ್ನು ತೆಗೆಯುವ ಮೊದಲು ಒಂದು ಫೋಟೋ ತೆಗೆದಿಟ್ಟೆ, ಯಾವ ಸ್ಪ್ರಿಂಗ್ ಯಾವ ತೂತಿಗೆ ಅನ್ನುವುದು ಸಂಜೆಗೆ ನೆನಪಿರಲ್ಲ. ಬ್ರೇಕ್ ಪೈಪನ್ನು, ಲೈನರ್ ಒತ್ತುವ ವೀಲ್ ಸಿಲಿಂಡರ್‌ನಿಂದ ಬಿಚ್ಚಿದ ಕೂಡಲೇ ಇಕ್ಕ ಏರ್ ತೆಗೆಯುವ ಬ್ಲೀಡಿಂಗ್ ನಿಪ್ಪಲ್ಲಿನ ಸಣ್ಣ ರಬ್ಬರ್ ಟೋಪಿಯನ್ನು ಕಿತ್ತು ಪೈಪಿನ ಬಾಯಿಗೆ ಸಿಕ್ಕಿಸಿದರು. ಆಯಿಲ್ ತೊಟ್ಟಿಕ್ಕುವುದು ನಿಂತಿತು, ಕಸವೂ ಹೋಗಲ್ಲ.

ಬ್ಯಾಕ್ ಪ್ಲೇಟನ್ನು ಹೌಸಿಂಗಿಗೆ ಹಿಡಿದಿರುವುದು ನಾಲ್ಕು ನಟ್ಟು. ಅವು ತುಕ್ಕು ಹಿಡಿದಿರುತ್ತವೆ, ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟಿದ್ದರಿಂದ ಬಂದವು. ಈಗ ಶಾಫ್ಟು ಹೊರಗೆ ಬರಬೇಕು. ಇದಕ್ಕೆ ಇಕ್ಕನ ಹತ್ತಿರ ಸ್ವಂತ ಮಾಡಿಸಿದ ಒಂದು ಸಾಧನ ಇದೆ: ಉದ್ದ ರಾಡು, ಒಂದು ತುದಿಯಲ್ಲಿ ಚಕ್ರದ ಬೋಲ್ಟುಗಳಿಗೆ ಕೂರುವ ಪ್ಲೇಟು, ಇನ್ನೊಂದು ತುದಿಯಲ್ಲಿ ತಡೆ, ನಡುವೆ ಜಾರುವ ಭಾರದ ಕಬ್ಬಿಣ. ಕಬ್ಬಿಣವನ್ನು ಹಿಂದಕ್ಕೆ ಎಳೆದು ತಡೆಗೆ ಬಡಿದರೆ ಆ ಹೊಡೆತ ಶಾಫ್ಟನ್ನು ಹೊರಗೆ ಎಳೆಯುತ್ತದೆ. ಅದಿಲ್ಲದವರು ಡ್ರಮ್ಮನ್ನೇ ತಿರುಗಾ ಮುರುಗಾ ಹಿಡಿದು ನಟ್ಟುಗಳನ್ನು ತುದಿಗೆ ಮಾತ್ರ ಹಾಕಿ ಜೋರಾಗಿ ಹೊರಗೆ ಸೆಳೆಯುತ್ತಾರೆ, ಅದೂ ಇದೇ ಕೆಲಸ ಮಾಡುತ್ತದೆ. ಸ್ವಲ್ಪ ಹೊಡೆದ ಮೇಲೆ ಟಪ್ ಅಂತ ಬೇರಿಂಗ್ ಹೌಸಿಂಗ್ ಬಿಟ್ಟಿತು. ಬಿಟ್ಟ ಮೇಲೆ ಶಾಫ್ಟನ್ನು ನೇರವಾಗಿ ಹಿಡಿದೇ ಎಳೆಯಬೇಕು, ಕೆಳಕ್ಕೆ ತೂಗಿಸಿದರೆ ಒಳತುದಿಯ ಹಲ್ಲು ಸೀಲಿಗೆ ಗೀರುತ್ತದೆ. ಸೀಲ್ ಬದಲಿಸುವವರಿಗೆ ಈಗ ಚಿಂತೆ ಇಲ್ಲ, ಆದರೆ ವಾಪಸ್ ಹಾಕುವಾಗ ಇದೇ ಎಚ್ಚರಿಕೆ ಬೇಕು.

ಹೊರಗೆ ಬಂದ ಬೇರಿಂಗನ್ನು ಕೈಯಲ್ಲಿ ಹಿಡಿದು ತಿರುಗಿಸಿದೆ. ಇನ್ನು ಅನುಮಾನಕ್ಕೆ ಜಾಗ ಇಲ್ಲ. ಹೊರ ಸುತ್ತು ತಿರುಗುವಾಗ ಒಂದು ಜಾಗದಲ್ಲಿ ತಡೆದು, ಬಿಟ್ಟು, ಮತ್ತೆ ತಡೆಯುತ್ತಿತ್ತು, ಸಂದಿನಿಂದ ಕೆಂಪು ತುಕ್ಕು ನೀರಿನ ಕಲೆ.

ಈಗ ರಿಂಗಿನ ವಿಷಯ. ಬೇರಿಂಗ್‌ನ ಒಳಪಕ್ಕದಲ್ಲಿ ಶಾಫ್ಟಿನ ಮೇಲೆ ಒತ್ತಿ ಕೂರಿಸಿದ ದಪ್ಪ ಉಕ್ಕಿನ ರಿಂಗು, ಅದಕ್ಕೆ ಮರೆ ಇಲ್ಲ, ಲಾಕ್ ಇಲ್ಲ, ಬರೀ ಬಿಗಿತದಿಂದ ನಿಂತಿದೆ. ತೂತು ಶಾಫ್ಟಿಗಿಂತ ಕೂದಲೆಳೆಯಷ್ಟು ಚಿಕ್ಕದು, ಆ ಬಿಗಿತವೇ ಎಲ್ಲಾ. ಬೇರಿಂಗನ್ನು ಬ್ಯಾಕ್ ಪ್ಲೇಟು ಹೌಸಿಂಗಿನಲ್ಲಿ ಹಿಡಿದಿದೆ, ಶಾಫ್ಟನ್ನು ಬೇರಿಂಗ್‌ಗೆ ಈ ರಿಂಗು ಹಿಡಿದಿದೆ. ರಿಂಗು ಸಡಿಲ ಆದರೆ ತಿರುವಿನಲ್ಲಿ ಶಾಫ್ಟು, ಡ್ರಮ್, ಚಕ್ರ ಒಟ್ಟಿಗೆ ಹೊರಗೆ ನಡೆಯುತ್ತವೆ. ಬ್ರೇಕ್ ಒತ್ತಿದರೆ ಆ ಚಕ್ರಕ್ಕೆ ಬ್ರೇಕೂ ಇರುವುದಿಲ್ಲ, ಡ್ರಮ್ಮೇ ಲೈನರ್ ಬಿಟ್ಟು ಹೋಗಿರುತ್ತದೆ. ಅದಕ್ಕೇ ಹಳೇ ರಿಂಗನ್ನು ತೆಗೆದು ಮತ್ತೆ ಅದನ್ನೇ ಹಾಕುವ ಪ್ರಶ್ನೆಯೇ ಇಲ್ಲ. ತೆಗೆಯುವುದೇ ಅದನ್ನು ಒಡೆದು.

ಶಾಫ್ಟನ್ನು ಬ್ಯಾಕ್ ಪ್ಲೇಟಿನ ಸಮೇತ ಗೋಣಿಚೀಲದಲ್ಲಿ ಸುತ್ತಿ ಭಾವನ ಜೀಪಿನಲ್ಲಿ ಕುಶಾಲನಗರದ ಲೇತಿಗೆ ಹೋದೆವು. ಕಾಫಿ ಸೀಸನ್ ಶುರುವಾದರೆ ನಮ್ಮ ಕಡೆಯ ಲೇತುಗಳಲ್ಲಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಕೆಲಸ ತುಂಬಿಕೊಂಡಿರುತ್ತದೆ, ಯಾರೂ ತಲೆ ಎತ್ತಲ್ಲ. ಈಗ ಬಿಡುವಿತ್ತು. ಲೇತಿನವರು ರಿಂಗಿನ ಎದುರು ಬದುರು ಎರಡು ಕಡೆ ಗ್ರೈಂಡರ್ ಹಿಡಿದರು. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ, ಉಸಿರು ಬಿಗಿಹಿಡಿದು ಅಂದರೂ ತಪ್ಪಿಲ್ಲ. ರಿಂಗನ್ನು ಪೂರ್ತಿ ಕತ್ತರಿಸಬಾರದು. ತೆಳ್ಳಗಾಗುವವರೆಗೆ ಮಾತ್ರ ಉಜ್ಜಿ ನಿಲ್ಲಿಸಬೇಕು, ಕಲ್ಲು ಶಾಫ್ಟಿಗೆ ತಾಗಿದರೆ ಅಲ್ಲಿ ಗೀರು, ಆ ಗೀರಿನಿಂದಲೇ ಮುಂದೆ ಬಿರುಕು ಶುರುವಾಗಬಹುದು. ಅವರು ನಡುನಡುವೆ ನಿಲ್ಲಿಸಿ, ಉಗುರಿನಿಂದ ಆಳ ನೋಡಿ, ಮತ್ತೆ ಕಲ್ಲು ಹಿಡಿದರು. ಉಕ್ಕು ಬಿಸಿಯಾಗಿ ಉಜ್ಜಿದ ಜಾಗದ ಅಂಚು ನೀಲಿ ಬಣ್ಣಕ್ಕೆ ತಿರುಗಿತು. ಆಮೇಲೆ ಚಪ್ಪಟೆ ಚಾಣವನ್ನು ಆ ತೆಳ್ಳನೆಯ ಜಾಗಕ್ಕೆ ಇಟ್ಟು ಒಂದೇ ಏಟು. ಟಣ್ ಅಂತ ರಿಂಗು ಸೀಳಿತು. ಸೀಳಿದ ಮೇಲೆ ಕೈಯಲ್ಲೇ ಜಾರಿ ಬಂತು. ಶಾಫ್ಟಿನ ಮೇಲೆ ಕಲೆ ಇಲ್ಲ, ಗೆರೆ ಇಲ್ಲ. ಹಳೇ ಬೇರಿಂಗನ್ನು ಪ್ರೆಸ್ಸಿನಲ್ಲಿ ಒತ್ತಿ ಕಳಚಿದರು.

ಹೊಸತು ಕೂರಿಸುವ ಮೊದಲು ಬ್ಯಾಕ್ ಪ್ಲೇಟನ್ನು ಶಾಫ್ಟಿಗೆ ಹಾಕಿರಬೇಕು, ಸರಿಯಾದ ಮುಖ ಹೊರಗೆ ಬರುವ ಹಾಗೆ. ಬೇರಿಂಗ್ ಒತ್ತಿದ ಮೇಲೆ ನೆನಪಾದರೆ ರಿಂಗು ಒಡೆಯುವುದರಿಂದ ಮತ್ತೆ ಶುರು. ಒತ್ತುವಾಗ ಬೇರಿಂಗ್‌ನ ಒಳ ಸುತ್ತಿನ ಮೇಲೆ ಮಾತ್ರ ಒತ್ತಡ ಬೀಳಬೇಕು. ಹೊರ ಸುತ್ತಿನ ಮೇಲೆ ಒತ್ತಿದರೆ ಆ ಬಲವೆಲ್ಲ ಗುಂಡುಗಳ ಮೂಲಕ ಹಾದು ಹೋಗುತ್ತದೆ, ಗುಂಡು ಓಡುವ ಜಾಡಿನಲ್ಲಿ ಕಣ್ಣಿಗೆ ಕಾಣದ ಗುಳಿ ಬೀಳುತ್ತದೆ, ಹೊಸ ಬೇರಿಂಗ್ ಹಾಕಿದ ದಿನದಿಂದಲೇ ಗುಂಯ್. ಹೊಸತು ಹಾಕಿಸಿದರೂ ಸದ್ದು ಹೋಗಿಲ್ಲ ಅನ್ನುವ ಗಾಡಿಗಳಲ್ಲಿ ಕೆಲವಕ್ಕಾದರೂ ಹೀಗೇ ಆಗಿರುತ್ತದೆ ಅಂತ ನನ್ನ ಅನುಮಾನ. ಸುತ್ತಿಗೆ ಮತ್ತು ಉಳಿಯಲ್ಲಿ ಬಡಿದು ಕೂರಿಸುತ್ತೇನೆ ಅನ್ನುವವರ ಹತ್ತಿರ ಈ ಕೆಲಸ ಕೊಡಬೇಡಿ. ಇವರ ಹತ್ತಿರ ಒಳ ಸುತ್ತಿನ ಅಳತೆಗೇ ಕಡೆದ ಪೈಪು ಇತ್ತು. ಬೇರಿಂಗ್ ಶಾಫ್ಟಿನ ಮೆಟ್ಟಿಲಿಗೆ ತಾಗುವವರೆಗೆ ಹೋಯಿತು. ನಂತರ ರಿಂಗು. ಪ್ರೆಸ್ಸಿನ ಒತ್ತಡ ತೋರಿಸುವ ಮುಳ್ಳು ಏರುತ್ತಾ ಹೋಗುವುದನ್ನೇ ನೋಡುತ್ತಿದ್ದೆ, ಯಾಕೆಂದರೆ ಇಲ್ಲಿ ಸುಲಭವಾಗಿ ಇಳಿದರೆ ಅದು ಒಳ್ಳೆಯ ಸುದ್ದಿ ಅಲ್ಲ. ರಿಂಗು ಬಿಗಿಯಾಗಿ, ಕಿರ್ ಅನ್ನುತ್ತಾ ಇಂಚಿಂಚಾಗಿ ಇಳಿದು ಬೇರಿಂಗ್‌ಗೆ ಅಂಟಿ ನಿಂತಿತು. ನಡುವೆ ತೆಳು ಕಾಗದವೂ ಹೋಗದ ಹಾಗೆ. ಇಷ್ಟಕ್ಕೆ 300 ರೂಪಾಯಿ ತಗೊಂಡರು, ನಾನಾಗಿದ್ದರೆ ಜಾಸ್ತಿ ಕೇಳುತ್ತಿದ್ದೆ.

ಹಳೇ ಬೇರಿಂಗನ್ನು ಅಲ್ಲೇ ಒಡೆಸಿ ನೋಡಿದೆ. ಗಾಯ ಎಲ್ಲಾ ಹೊರ ಸುತ್ತಿನ ಒಂದೇ ಕಡೆ, ಸುಮಾರು ಕಾಲು ಭಾಗದಲ್ಲಿ. ಇದಕ್ಕೆ ಕಾರಣ ಇದೆ. ಹೊರ ಸುತ್ತು ಹೌಸಿಂಗಿನಲ್ಲಿ ತಿರುಗದೆ ಕೂತಿರುತ್ತದೆ, ಗಾಡಿಯ ಭಾರ ಮೇಲಿನಿಂದ ಯಾವಾಗಲೂ ಅದರ ಮೇಲ್ಭಾಗಕ್ಕೇ. ಅಲ್ಲೇ ಉಕ್ಕು ಚಕ್ಕೆ ಎದ್ದು, ಅಕ್ಕಿಕಾಳಿನಷ್ಟು ಗುಂಡಿಗಳಾಗಿದ್ದವು. ಪ್ರತಿ ಗುಂಡೂ ಅದರ ಮೇಲೆ ಹಾಯುವಾಗ ಒಂದು ಸಣ್ಣ ಟಕ್, ವೇಗದಲ್ಲಿ ಆ ಟಕ್‌ಗಳೆಲ್ಲ ಸೇರಿ ಗುಂಯ್. ಬಲ ತಿರುವಿನಲ್ಲಿ ಭಾರ ಏರಿದಾಗ ಗುಂಡು ಇನ್ನೂ ಗಟ್ಟಿಯಾಗಿ ಆ ಗುಂಡಿಗಳ ಮೇಲೆ ಹಾಯುತ್ತಿತ್ತು, ಕೆದಕಲ್ ತಿರುವಿನಲ್ಲಿ ಕೇಳಿಸಿದ ಗರಗರ ಅದೇ.

ವಾಪಸ್ ಬಂದು ಹೌಸಿಂಗ್ ಬಾಯಿ ಒರೆಸಿ ಹಳೇ ಸೀಲ್ ಕಿತ್ತೆವು. ಹೊಸ ಸೀಲನ್ನು ಓರೆಯಾಗದಂತೆ ಮರದ ತುಂಡಿಟ್ಟು ಸುತ್ತಲೂ ಸಮವಾಗಿ ತಟ್ಟಿ ಕೂರಿಸಿದರು, ತುಟಿಗೆ ಗ್ರೀಸ್ ಸವರಿದರು. ಒಣ ತುಟಿಯಲ್ಲಿ ಶಾಫ್ಟು ತಿರುಗಿದರೆ ಮೊದಲ ಓಟಕ್ಕೇ ಸುಟ್ಟುಹೋಗುತ್ತದೆ. ಹೌಸಿಂಗ್ ಮತ್ತು ಬ್ಯಾಕ್ ಪ್ಲೇಟು ಸೇರುವ ಜಾಗಕ್ಕೆ ಸಿಲಿಕಾನ್ ಪೇಸ್ಟ್. ಶಾಫ್ಟು ಒಳಗೆ ಹೋಗುವಾಗ ಇಕ್ಕ ಹೊರತುದಿ ಹಿಡಿದರು, ನಾನು ಕೆಳಗಿನಿಂದ ಕೈಕೊಟ್ಟು ತೂಗದ ಹಾಗೆ ನೋಡಿಕೊಂಡೆ. ಒಳಗಿನ ಹಲ್ಲು ಸಿಗುವವರೆಗೆ ಶಾಫ್ಟನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋದರೆ ಒಂದು ಹಂತದಲ್ಲಿ ಸಲೀಸಾಗಿ ಜಾರುತ್ತದೆ. ನಾಲ್ಕು ನಟ್ಟು ಎದುರು ಬದುರಾಗಿ ಬಿಗಿ. ಉಳಿದದ್ದು ಮಾಮೂಲಿ ಬ್ರೇಕ್ ಕೆಲಸ: ಲೈನರ್, ಪೈಪು, ಆಮೇಲೆ ಏರ್ ತೆಗೆಯುವುದು. ಭಾವ ಪೆಡಲ್ ಒತ್ತಿ ಹಿಡಿದರು, ಇಕ್ಕ ನಿಪ್ಪಲ್ ಬಿಟ್ಟು ಬಿಗಿದರು, ಗುಳ್ಳೆ ನಿಲ್ಲುವ ತನಕ. ಗೇರ್ ಆಯಿಲ್ 90 ನಂಬರಿನದು, ಗಾಡಿ ಸಮತಟ್ಟಾಗಿ ನಿಂತಿರುವಾಗ ಮೇಲಿನ ತೂತಿನಿಂದ ಹೊರಗೆ ಹರಿಯಲು ಶುರುವಾಗುವ ತನಕ ಹಾಕಬೇಕು, ಅದೇ ಅಳತೆ.

ಬಲಗಡೆ ನಾವು ಲೈನರ್ ಮಾತ್ರ ಬದಲಿಸಿದೆವು. ಒಂದು ಹೋದರೆ ಎರಡೂ ಹಾಕಬೇಕು ಅನ್ನುವವರಿದ್ದಾರೆ, ಲೈನರ್‌ಗೆ ಆ ಮಾತು ಸರಿ, ಇಲ್ಲಿ ನನಗೆ ಒಪ್ಪಿಗೆ ಇಲ್ಲ. ಬಲದ ಬೇರಿಂಗ್‌ನಲ್ಲಿ ಆಟ ಇಲ್ಲ, ನಡುಕ ಇಲ್ಲ, ಡ್ರಮ್ ಒಳಗೆ ಒಣಗಿದೆ. ಚೆನ್ನಾಗಿ ಬಿಗಿಯಾಗಿ ಕೂತಿರುವ ರಿಂಗನ್ನು ಸುಮ್ನೆ ಒಡೆಯುವುದು ಯಾಕೆ? ಅದರ ಬದಲು ಇನ್ನೊಂದು ಸೆಟ್ ಬೇರಿಂಗ್, ರಿಂಗ್, ಸೀಲ್ ತರಿಸಿ ಕಪಾಟಿನಲ್ಲಿ ಇಟ್ಟಿದ್ದೇನೆ.

ಓಡಿಸಿ ನೋಡಿದ್ದು ಮಡಿಕೇರಿ ಕಡೆಗೆ. ಗುಂಯ್ ಪೂರ್ತಿ ಹೋಗಿದೆ. ಬಲ ತಿರುವು, ಎಡ ತಿರುವು ಎರಡಕ್ಕೂ ಒಂದೇ. ಅದು ಹೋದ ಮೇಲೆ ಇಷ್ಟು ದಿನ ಕೇಳಿಸದೇ ಇದ್ದ ಸ್ಲೈಡಿಂಗ್ ಬಾಗಿಲಿನ ಕಟಕಟ ಕೇಳಿಸಲು ಶುರುವಾಗಿದೆ, ಅದಕ್ಕೆ ರೋಲರ್ ತರಬೇಕು. ಸ್ವಲ್ಪ ಓಡಿದ ಮೇಲೆ ಮತ್ತೆ ಎತ್ತಿ ನಾಲ್ಕು ನಟ್ಟಿಗೂ ಪಾನಾ ಹಾಕಿ ನೋಡಿದೆವು, ಬ್ಯಾಕ್ ಪ್ಲೇಟಿನ ಅಡಿಗೆ ಬೆರಳು ಆಡಿಸಿದೆವು, ಒಣಗಿತ್ತು. ಹ್ಯಾಂಡ್ ಬ್ರೇಕ್ ಏರಿನಲ್ಲಿ ಹಿಡಿಯುತ್ತದೆ.

ಇದನ್ನೆಲ್ಲ ನೋಡಿದ ಭಾವ ಈಗ ತಮ್ಮ ಜೀಪಿನ ಸದ್ದನ್ನೂ ಕೇಳು ಅಂತ ಹಿಂದೆ ಬಿದ್ದಿದ್ದಾರೆ. ಒಂದು ಸುತ್ತು ಹೋಗಿ ಬಂದೆ. ಆಕ್ಸಿಲರೇಟರ್ ಒತ್ತಿದರೆ ಊಳಿಡುತ್ತದೆ, ಕಾಲು ತೆಗೆದರೆ ತಕ್ಷಣ ನಿಲ್ಲುತ್ತದೆ. "ಭಾವ, ಇದು ಬೇರಿಂಗ್ ಅಲ್ಲ, ನಿಮ್ಮದು ಕ್ರೌನ್ ಪಿನಿಯನ್ ಕಡೆಯದು, ಇಕ್ಕನ ಹತ್ತಿರ ಹೋಗುವಾಗ ದುಡ್ಡು ಸ್ವಲ್ಪ ಜಾಸ್ತಿ ಇಟ್ಕೊಳ್ಳಿ" ಅಂದೆ. ಅದಕ್ಕೆ ಅವರು ರೇಡಿಯೋ ಜೋರು ಮಾಡಿದರು.